ಹದಿನಾಲ್ಕನೇ ಮನೆಗೆ ಹೋದವರ ಪಟ್ಟಿ

ನಮ್ಮ ಬೀದಿಯಲ್ಲಿ ಒಂದೇ ತಿಂಗಳಲ್ಲಿ ಎರಡು ಸೈಕಲ್ಲು, ಒಂದು ನೀರಿನ ಮೋಟಾರು, ಒಂದು ಗ್ಯಾಸ್ ಸಿಲಿಂಡರು ಕಳುವಾದವು. ಸಿಲಿಂಡರು ಹೋದದ್ದು ಹಾಡಹಗಲಲ್ಲಿ. ತುಂಬಿದ ಸಿಲಿಂಡರು, ತಂದು ಇಳಿಸಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಬೀದಿಗೆ ಬೀದಿಯೇ ಹೆದರಿಹೋಯಿತು. ಸೊಪ್ಪು ಕೊಳ್ಳಲು ಹೊರಗೆ ಬಂದವರೂ ಬಾಗಿಲಿಗೆ ಚಿಲಕ ಹಾಕಿಕೊಂಡು ಬರುವಂತಾಯಿತು.

ಆಗ ಠಾಣೆಗೆ ಹೊಸದಾಗಿ ಬಂದ ಸಾಹೇಬರು ಶಾಲೆಯ ಕೋಣೆಯಲ್ಲಿ ಸಭೆ ಕರೆದರು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು ಕೇಳಿದೆವು. ಬೀದಿಗೊಂದು ಭದ್ರತಾ ಸಮಿತಿ ಆಗಬೇಕು, ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಒಂದು ಪುಸ್ತಕದಲ್ಲಿ ಬರೆದಿಡಬೇಕು, ಬೀದಿಯ ಮೂಲೆಗೆ ಒಂದು ಕ್ಯಾಮೆರಾ ಬರುತ್ತದೆ, ಇದು ದೇಶಸೇವೆ ಎಂದರು. "ಬರೆಯೋಕೆ ಯಾರು ಮುಂದೆ ಬರ್ತೀರಿ?" ಎಂದು ಕೇಳಿದ್ದೇ ತಡ, ನಮ್ಮ ಮನೆಯವರ ಕೈ ಮೇಲೆ ಹೋಯಿತು.

ಸಂಘದ ಸಭೆಗೆ ಬಂದ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಮನೆಯವರ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಿಮಗೆ ಅವರ ಮೇಲೆ ಸಿಟ್ಟು ಬರುತ್ತದೆ. ಅವರು ಹದಿನೆಂಟು ವರ್ಷ ಸೈನ್ಯದಲ್ಲಿದ್ದವರು. ಅದರಲ್ಲಿ ಹನ್ನೊಂದು ವರ್ಷ ಗೇಟಿನ ಕೆಲಸ. ಒಳಗೆ ಹೋಗುವ ಲಾರಿ, ಹೊರಗೆ ಬರುವ ಜೀಪು, ಬಂದವರ ಹೆಸರು, ಗಂಟೆ, ನಿಮಿಷ, ಎಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು. ಒಮ್ಮೆ ದೊಡ್ಡ ಸಾಹೇಬರ ಹೆಂಡತಿ ಅವಸರದಲ್ಲಿ ಹೊರಟಾಗಲೂ ಗೇಟು ತೆಗೆಯದೆ "ಸಹಿ ಮಾಡಿ ಮೇಡಂ" ಎಂದು ನಿಂತ ಮನುಷ್ಯ. ಬೀದಿಯವರೆಲ್ಲ ಅವರನ್ನು ಗೇಟ್ ಮಾಮ ಎಂದೇ ಕರೆಯುವುದು.

ನಿವೃತ್ತರಾಗಿ ಮನೆಗೆ ಬಂದ ಮೇಲೆ ಅವರಿಗೆ ಕಾಯಲು ಗೇಟೇ ಇಲ್ಲ. ಸರಿಯಿದ್ದ ನಲ್ಲಿಯನ್ನು ಬಿಚ್ಚಿ ಜೋಡಿಸುತ್ತಿದ್ದರು. ಅಡುಗೆಮನೆಗೆ ಬಂದು ನನ್ನ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುತ್ತಿದ್ದರು. ಉಪ್ಪಿನ ಡಬ್ಬ ಹುಡುಕಿ ಹುಡುಕಿ ನನಗೆ ಸಾಕುಸಾಕಾಗಿತ್ತು. ಅವರ ಕೈಗೆ ಆ ದಪ್ಪ ಪುಸ್ತಕ ಬಂದ ದಿನ, ಸುಳ್ಳೇಕೆ ಹೇಳಲಿ, ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಮರುದಿನವೇ ಬಾಗಿಲ ಮುಂದೆ ಕುರ್ಚಿ ಬಿತ್ತು. ಸ್ಕೇಲು ಹಿಡಿದು ಕೆಂಪು ಶಾಯಿಯಲ್ಲಿ ಐದು ಕಾಲಂ ಎಳೆದರು. 6.05ಕ್ಕೆ ಹಾಲಿನವನು. 7.15ಕ್ಕೆ ಪೇಪರಿನವನು. ಯಾರ ಮನೆಗೆ, ಒಳಗೆ ಎಷ್ಟು ಹೊತ್ತಿಗೆ, ಹೊರಗೆ ಎಷ್ಟು ಹೊತ್ತಿಗೆ, ಕೈಯಲ್ಲಿ ಏನಿತ್ತು. ಪ್ರತಿ ಶನಿವಾರ ಪುಸ್ತಕವನ್ನು ಠಾಣೆಗೆ ಒಯ್ಯುತ್ತಿದ್ದರು. ಅಲ್ಲಿ ಪೊಲೀಸರೊಬ್ಬರು ಹಾಳೆಗಳ ಫೋಟೋ ತೆಗೆದುಕೊಂಡು ಪುಸ್ತಕ ವಾಪಸ್ ಕೊಡುತ್ತಿದ್ದರು.

ಒಂದು ದಿನ ಅವರು ಸ್ನಾನಕ್ಕೆ ಹೋದಾಗ ಮೆಲ್ಲಗೆ ತೆರೆದು ನೋಡಿದೆ. 'ಬೆಳಿಗ್ಗೆ 11.20, ನನ್ನ ಹೆಂಡತಿ, ಪಕ್ಕದ ಮನೆಗೆ ಒಳಗೆ. 12.35, ಹೊರಗೆ. ಕೈಯಲ್ಲಿ ಬಟ್ಟಲು.'

"ಏನ್ರೀ, ನನ್ನನ್ನೂ ಬರೆದಿದ್ದೀರಲ್ಲ?"

"ಗೇಟ್ ಅಂದ್ಮೇಲೆ ಗೇಟೇ. ಹೆಂಡ್ತಿ ಅಂತ ಬಿಟ್ರೆ ನಾಳೆ ಇನ್ನೊಬ್ಬರು ಕೇಳಲ್ವಾ?"

"ಒಂದೂಕಾಲು ಗಂಟೆ ಏನು ಮಾತಾಡಿದ್ಲು ಅಂತಾನೂ ಬರೀಬೇಕಿತ್ತು."

"ಅದಕ್ಕೆ ಕಾಲಂ ಇಲ್ಲ," ಎಂದರು ಗಂಭೀರವಾಗಿ. ತಮಾಷೆ ಅವರಿಗೆ ಅರ್ಥವಾಗುವುದು ಮರುದಿನ.

ಹೀಗೆ ಇವರು ಮುಂಬಾಗಿಲಲ್ಲಿ ಬರೆಯುತ್ತ ಕೂತಿದ್ದಾಗಲೇ ನಮ್ಮ ಹಿತ್ತಲ ಹಿತ್ತಾಳೆ ನಲ್ಲಿಯನ್ನು ಯಾರೋ ತಿರುಗಿಸಿಕೊಂಡು ಹೋದರು. ಅದಕ್ಕೂ ಕಾಲಂ ಇರಲಿಲ್ಲ.

ಬೀದಿ ಮೆಲ್ಲಮೆಲ್ಲಗೆ ಬದಲಾಯಿತು. ಸಂಜೆ ಮೆಟ್ಟಿಲ ಮೇಲೆ ಕೂತು ಹರಟುತ್ತಿದ್ದ ಹೆಂಗಸರು ಒಳಗೆ ಸೇರಿಕೊಂಡರು. ಜೋರಾಗಿ ಮಾತಾಡುತ್ತ ಬರುತ್ತಿದ್ದವರು ನಮ್ಮ ಮನೆ ಹತ್ತಿರ ಬಂದ ಕೂಡಲೇ ತೆಪ್ಪಗಾಗುತ್ತಿದ್ದರು. ನನ್ನ ಜೊತೆ ಬಟ್ಟೆ ಒಣಗಿಸುತ್ತ ಗಂಡ, ಅತ್ತೆ, ನಾದಿನಿ ಎಲ್ಲರ ಕಥೆ ಹೇಳುತ್ತಿದ್ದ ಪಕ್ಕದ ಮನೆಯವಳು ಈಗ "ಬಿಸಿಲು ಜೋರು" ಎನ್ನುವುದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ನನಗೆ ಬೇಜಾರಾಯಿತು. ಇವರಿಗೆ ಮಾತ್ರ ಅದು ಶಿಸ್ತಿನ ಹಾಗೆ ಕಂಡಿತು.

ನಮ್ಮ ಎದುರು ಮನೆಯಲ್ಲಿ ಟೈಪಿಂಗ್ ಅಕ್ಕ ಇದ್ದಾಳೆ. ದೊಡ್ಡ ಕಚೇರಿಯ ಗೋಡೆ ಪಕ್ಕ, ತಗಡಿನ ಮಾಡಿನ ಕೆಳಗೆ ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷದಿಂದ ಜನರಿಗೆ ಅರ್ಜಿ ಬರೆದುಕೊಡುತ್ತಾಳೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ತಿಳಿವಳಿಕೆಯಲ್ಲಿ ದೊಡ್ಡವಳು. ಒಂದು ಭಾನುವಾರ ಅವಳು ಬೀದಿ ದಾಟಿ ಬಂದು ಇವರ ಕುರ್ಚಿಯ ಪಕ್ಕ ನಿಂತಳು.

"ಅಣ್ಣಾ, ಎದುರು ಮನೆಯವಳು ನಿಮ್ಮ ಮನೆಗೆ ಬಂದಿದ್ದೀನಿ. ಹತ್ತು ಗಂಟೆ ಐದು ನಿಮಿಷ. ಬರ್ಕೊಳ್ಳಿ."

"ಬರೆದಾಯ್ತು," ಎಂದರು ಇವರು.

"ಈ ಪುಸ್ತಕಕ್ಕೆ ಆದೇಶ ಎಲ್ಲಿದೆ?"

"ಸಾಹೇಬರು ಸಭೇಲಿ ಹೇಳಿದ್ರಲ್ಲ."

"ಬಾಯಲ್ಲಿ ಹೇಳಿದ್ರು. ಕಾಗದದಲ್ಲಿ ಕೊಟ್ಟಿದ್ದಾರಾ?"

"ದೇಶದ ಕೆಲಸಕ್ಕೆ ಕಾಗದ ಯಾಕಮ್ಮ?"

"ಸೈನ್ಯದಲ್ಲಿ ನೀವು ಬಾಯಿಮಾತಿಗೆ ಗೇಟ್ ತೆಗೀತಿದ್ರಾ?"

ಇವರು ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. "ನೋಡು ತಂಗಿ, ತಪ್ಪು ಮಾಡದವರಿಗೆ ಭಯ ಯಾಕೆ? ನನ್ನ ಮನೇಲಂತೂ ಮುಚ್ಚಿಡೋದು ಏನೂ ಇಲ್ಲ."

"ಮುಚ್ಚಿಡೋದೇ ಬೇರೆ, ಇದು ನಮ್ಮದು ಅಂತ ಇಟ್ಕೊಳ್ಳೋದೇ ಬೇರೆ. ನೀವು ಗಡಿಯಿಂದ ಅತ್ತಿಗೆಗೆ ಕಾಗದ ಹಾಕ್ತಿದ್ರಲ್ಲ, ಅದನ್ನ ಬೇರೆ ಯಾರಾದ್ರೂ ಒಡೆದು ಓದಿದ್ರೆ ಏನನ್ನಿಸ್ತಿತ್ತು?"

"ಓದ್ತಿದ್ರಲ್ಲ. ನಮ್ಮ ತುಕಡಿಯ ಅಧಿಕಾರಿ ಒಬ್ಬರು ಎಲ್ಲರ ಕಾಗದಾನೂ ಓದೇ ಕಳಿಸ್ತಿದ್ದಿದ್ದು. ಅದು ಗಡಿ. ಯಾರೋ ತಿಳೀದೆ ಜಾಗದ ಗುಟ್ಟು ಬರೆದುಬಿಟ್ರೆ? ಓದಲೇಬೇಕಿತ್ತು."

"ಸರಿ. ಏನು ಬರೀತಿದ್ರಿ?"

"ಏನು ಬರೆಯೋದು? ನಾನು ಕ್ಷೇಮ. ಇಲ್ಲಿ ಚಳಿ. ಮಗೂನ ನೋಡ್ಕೋ. ಅಷ್ಟೇ. ಸಾಹೇಬರು ಓದ್ತಾರೆ ಅಂತ ಗೊತ್ತಿದ್ದ ಮೇಲೆ ಮನಸ್ಸಲ್ಲಿರೋದನ್ನ ಬರೆಯೋಕಾಗುತ್ತಾ? ನಾಚಿಕೆ ಆಗಲ್ವಾ?"

ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ನನ್ನ ಕೈ ನಿಂತುಹೋಯಿತು. ಆ ಕಾಗದಗಳೆಲ್ಲ ಈಗಲೂ ನನ್ನ ಪೆಟ್ಟಿಗೆಯಲ್ಲಿವೆ. ಒಂದನ್ನು ಓದಿದರೆ ಎಲ್ಲವನ್ನೂ ಓದಿದ ಹಾಗೆ. ಅಷ್ಟು ವರ್ಷ ನಾನೇನು ತಿಳಿದುಕೊಂಡಿದ್ದೆ ಗೊತ್ತೇ? ಈ ಮನುಷ್ಯನಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲ ಎಂದು. ರಜೆಗೆ ಬಂದಾಗ ಅದೇ ಸಿಟ್ಟಿಗೆ ಮಾತು ಬಿಟ್ಟಿದ್ದೇನೆ. ಕಲ್ಲಿನಂಥ ಗಂಡ ಎಂದು ತಂಗಿಯ ಮುಂದೆ ಆಡಿಕೊಂಡಿದ್ದೇನೆ. ಬರೆಯುವ ಆಸೆ ಅವರಿಗೂ ಇತ್ತು, ಯಾರೋ ಓದುತ್ತಾರೆಂದು ಬರೆಯಲಿಲ್ಲ ಎನ್ನುವುದು ನನಗೆ ತಿಳಿದದ್ದು ಆ ಭಾನುವಾರ.

ಹೊರಗೆ ಟೈಪಿಂಗ್ ಅಕ್ಕ ಮಾತು ಮುಂದುವರಿಸಿದ್ದಳು. "ಗಡೀಲಿ ಓದಿದ್ರು, ಅದಕ್ಕೊಂದು ಕಾರಣ ಇತ್ತು. ನಮ್ಮ ಬೀದಿ ಗಡಿಯಲ್ಲ ಅಣ್ಣ. ಇಲ್ಲಿ ನೀವು ಬರೀತೀರಿ ಅಂತ ಜನಕ್ಕೆ ಗೊತ್ತಾಗಿದೆ. ಅವರೂ ಈಗ 'ಕ್ಷೇಮ, ಚಳಿ' ಅಂತ ಮಾತ್ರ ಮಾತಾಡ್ಕೊಂಡು ಓಡಾಡ್ತಿದ್ದಾರೆ. ನೋಡಿದ್ರಾ?"

"ಹಾಗಾದ್ರೆ ಕಳ್ಳ ಸಿಗೋದು ಬೇಡ್ವಾ?"

"ಯಾಕೆ ಬೇಡ? ಮೋಟಾರಿನ ನಂಬರ್ ಕೊಟ್ಟು ದೂರು ಬರೆಸಿ. ಗುಜರಿ ಅಂಗಡೀಲಿ ಪೊಲೀಸರು ವಿಚಾರಿಸಲಿ. ಕೆಟ್ಟುಹೋಗಿರೋ ಬೀದಿ ದೀಪ ಹಾಕಿಸಿ. ಯಾರ ಮೇಲಾದ್ರೂ ಅನುಮಾನ ಇದ್ರೆ ಅವರನ್ನ ಕಾನೂನಿನ ಪ್ರಕಾರ ವಿಚಾರಿಸಲಿ. ಒಬ್ಬ ಕಳ್ಳನಿಗೋಸ್ಕರ ಎಲ್ಲರ ಮನೆಗೆ ಯಾರು ಬಂದ್ರು, ಯಾರು ಹೋದ್ರು ಅಂತ ಬರೆಯೋದು ಯಾವ ನ್ಯಾಯ?"

ಇವರು ಒಪ್ಪಲಿಲ್ಲ. "ಕಚೇರಿ ಮುಂದೆ ಕೂತು ಕೂತು ನಿನಗೆ ಎಲ್ಲದರಲ್ಲೂ ಕಾನೂನೇ ಕಾಣುತ್ತೆ," ಎಂದು ನಕ್ಕರು. ಅವಳೂ ನಕ್ಕು ಹೊರಟಳು. 10.40, ಹೊರಗೆ, ಎಂದು ಬರೆದುಕೊಂಡರು.

ಇದಾದ ಹನ್ನೊಂದನೇ ದಿನ, ಗುರುವಾರ ಮಧ್ಯಾಹ್ನ, ನಮ್ಮ ಸೊಸೆ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದಳು. ಮಗ ಬಸ್ ಡ್ರೈವರು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಏಳು ವರ್ಷದಿಂದ ಅಂಗಿಯ ಕಾಲರು ಹೊಲಿಯುತ್ತಾಳೆ. ಊಟದ ಡಬ್ಬಿ ತೆಗೆದುಕೊಂಡು ಹೋದ ಹಾಗೆಯೇ ಭಾರವಾಗಿತ್ತು. ಕೈಯಲ್ಲಿ ಒಂದು ಕಾಗದ.

"ಅತ್ತೆ, ನನ್ನನ್ನ ಕೆಲಸದಿಂದ ಕಳಿಸಿಬಿಟ್ರು."

ಅಮಾನತಿನ ನೋಟೀಸು. ಇವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಯಾವ ಕಾಗದ ಬಂದರೂ ಅವರು ಗಟ್ಟಿಯಾಗಿಯೇ ಓದುವುದು. "'ಈ ಕೆಳಗೆ ಹೆಸರಿಸಿದ ಎಂಟು ಮಂದಿ ಕೆಲಸಗಾರರು ಕಳೆದ ವಾರದ ಮಂಗಳವಾರ ಸಂಜೆ ಹದಿನಾಲ್ಕನೇ ಸಂಖ್ಯೆಯ ಮನೆಯಲ್ಲಿ ರಹಸ್ಯವಾಗಿ ಸೇರಿ, ಕಾರ್ಖಾನೆಯ ವಿರುದ್ಧ ಸಂಚು ನಡೆಸಿ, ದೇಶದ ಉತ್ಪಾದನೆಗೆ ಧಕ್ಕೆ ತರಲು ಯತ್ನಿಸಿದ್ದಾರೆ. 6.10ಕ್ಕೆ ಒಳಗೆ. 7.40ಕ್ಕೆ ಹೊರಗೆ. ಒಬ್ಬರ ಕೈಯಲ್ಲಿ ನೀಲಿ ಛತ್ರಿ.'"

ಅಲ್ಲಿಗೆ ಅವರ ಧ್ವನಿ ನಿಂತಿತು. ಒಂದು ಮನೆಗೆ ಹೋದವರ ಛತ್ರಿಯ ಬಣ್ಣವನ್ನೂ ಬರೆಯುವ ಮನುಷ್ಯ ನಮ್ಮ ಊರಲ್ಲಿ ಒಬ್ಬರೇ ಇರುವುದು.

"ಅಲ್ಲೇನು ಮಾಡ್ತಿದ್ರಮ್ಮ?" ಎಂದು ಕೇಳಿದೆ.

"ಆ ಮನೆಯ ಅಕ್ಕನೂ ನಮ್ಮ ಜೊತೆ ಹೊಲಿಯೋಳೇ, ಅಲ್ಲಿ ಕೂತು ಅರ್ಜಿ ಬರೀತಿದ್ವಿ ಅತ್ತೆ. ಹೊಲಿಗೆ ಕೋಣೆಯ ಹಿಂದಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕ್ತಾರೆ, ಬಟ್ಟೆ ಕಳುವಾಗುತ್ತೆ ಅಂತ. ಹೋದ ತಿಂಗಳು ಇಸ್ತ್ರಿ ಮೇಜಿನ ವೈರ್ ಸುಟ್ಟು ಹೊಗೆ ತುಂಬ್ಕೊಂಡಾಗ ಇನ್ನೂರು ಜನ ಒಂದೇ ಬಾಗಿಲಿಗೆ ನುಗ್ಗಿದ್ವಿ. ನನ್ನ ಪಕ್ಕದ ಮಿಷನ್ನವಳು ಬಿದ್ದು ಕೈ ಮುರ್ಕೊಂಡ್ಲು. ಬೀಗ ತೆಗೀರಿ ಅಂತ ಕೇಳೋಣ ಅಂದ್ಕೊಂಡ್ವಿ. ನೀವು ಹೆದರ್ತೀರಿ ಅಂತ ಮನೇಲಿ ಹೇಳಲಿಲ್ಲ."

"ಇದು ಕಾರ್ಖಾನೆಗೆ ಹೇಗೆ ಹೋಯ್ತು?" ಎಂದು ಇವರು ಕೇಳಿದರು.

"ಬೀದಿಗೆ ಕ್ಯಾಮೆರಾ ಕೊಡಿಸಿದ್ದೇ ಕಾರ್ಖಾನೆಯವರಂತೆ ಮಾವ. ಅದಕ್ಕೇ ಸಮಿತಿಯ ಫೋನ್ ಗುಂಪಲ್ಲಿ ನಮ್ಮ ಮ್ಯಾನೇಜರೂ ಇದ್ದಾರೆ. ಪುಸ್ತಕದ ಫೋಟೋ ಪ್ರತಿ ವಾರ ಅದರಲ್ಲಿ ಬರುತ್ತಂತೆ."

"ಬರೆದದ್ದು ನಾನು, ಮಗಳೇ."

"ಗೊತ್ತು ಮಾವ. ನಿಮ್ಮ ಕುರ್ಚಿ ಮುಂದೇನೇ ಹೋದೆನಲ್ಲ. ಹಿಂದಿನ ಸಂದಿಯಿಂದ ಹೋಗೋಣ ಅಂದ್ಲು ಒಬ್ಬಳು. ತಪ್ಪು ಮಾಡದವರಿಗೆ ಭಯ ಯಾಕೆ ಅಂತ ನಮ್ಮ ಮಾವ ಹೇಳ್ತಾರೆ, ಮುಂದಿನಿಂದಲೇ ಹೋಗೋಣ ಅಂತ ನಾನೇ ಎಲ್ಲರನ್ನೂ ಕರ್ಕೊಂಡು ಹೋದೆ."

ಅವಳು ಸಿಟ್ಟಿನಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ಸುಮ್ಮನೆ, ನಡೆದದ್ದು ನಡೆದ ಹಾಗೆ ಹೇಳಿದಳು. ಇವರು ಆ ದಿನ ಊಟಕ್ಕೆ ಏಳಲಿಲ್ಲ. ಏಳು ದಿನದೊಳಗೆ ಉತ್ತರ ಕೊಡದಿದ್ದರೆ ಎಂಟು ಮಂದಿಯ ಕೆಲಸವೂ ಹೋಗುತ್ತದೆ ಎಂದು ನೋಟೀಸಿನಲ್ಲಿತ್ತು. ದೇಶಕ್ಕೆ ಧಕ್ಕೆ ತಂದವಳು ಎನ್ನುವ ಕಾಗದ ಹಿಡಿದುಕೊಂಡು ಹೋದರೆ ಇನ್ನಾವ ಕಾರ್ಖಾನೆಯವರು ಒಳಗೆ ಬಿಟ್ಟುಕೊಳ್ಳುತ್ತಾರೆ? ನನ್ನ ಸೊಸೆ ಹಗ್ಗದ ಮೇಲಿದ್ದ ಬಟ್ಟೆಗಳನ್ನು ತಂದು ಮಡಚಲು ಕೂತಳು. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದಳು. ನೋಡಲಾರದೆ ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ನಾವು ಮೂವರೂ ಟೈಪಿಂಗ್ ಅಕ್ಕನ ಮೇಜಿನ ಮುಂದೆ ಹೋಗಿ ನಿಂತೆವು. ನಾನು ಆಗಲೇ ಹೇಳಿದ್ದೆ ಎಂದು ಅವಳು ಅನ್ನಲಿಲ್ಲ. ಮೂರು ಸ್ಟೂಲು ಎಳೆದು ಹಾಕಿದಳು. ನೋಟೀಸನ್ನು ಎರಡು ಸಲ ಓದಿದಳು.

"ಅಣ್ಣಾ, ನಿಮ್ಮ ಸೈನ್ಯದ ಗೇಟಿನ ರಿಜಿಸ್ಟರನ್ನ ಯಾರು ಓದ್ತಿದ್ರು?"

"ಡ್ಯೂಟಿ ಅಧಿಕಾರಿ ಒಬ್ಬರೇ. ಬೇರೆಯವರು ಮುಟ್ಟಿದ್ರೆ ಶಿಕ್ಷೆ."

"ಎಷ್ಟು ದಿನ ಇಡ್ತಿದ್ರು?"

"ಅದಕ್ಕೂ ಲೆಕ್ಕ ಇತ್ತು. ಅವಧಿ ಮುಗಿದ ಮೇಲೆ ಸಾಕ್ಷಿ ಇಟ್ಕೊಂಡು ಸುಡ್ತಿದ್ವಿ."

"ಈ ಪುಸ್ತಕ ಯಾರು ಓದ್ತಾರೆ?"

"ಗೊತ್ತಿಲ್ಲ."

"ಫೋಟೋಗಳನ್ನ ಎಷ್ಟು ದಿನ ಇಡ್ತಾರೆ?"

"ಗೊತ್ತಿಲ್ಲ."

"ನೀವು ತಪ್ಪಿ ಇನ್ನೊಬ್ಬರ ಹೆಸರು ಬರೆದಿದ್ರೆ, ಅವರು ಯಾರ ಹತ್ರ ಹೋಗಿ ತಿದ್ದಿಸ್ಕೋಬೇಕು?"

ಹನ್ನೊಂದು ವರ್ಷ ಗೇಟು ಕಾಯ್ದವರು, ತಮ್ಮ ಪುಸ್ತಕ ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ.

"ಕೇಳಬೇಕಾಗಿರೋದು ಇಷ್ಟೇ ಅಣ್ಣ. ಯಾವ ಕಾನೂನು, ಯಾರ ಆದೇಶ, ಯಾತಕ್ಕೆ, ಯಾರು ನೋಡ್ತಾರೆ, ಯಾವಾಗ ಅಳಿಸ್ತಾರೆ. ಇದನ್ನ ಕೇಳಿದ್ರೆ ದೇಶದ್ರೋಹ ಆಗಲ್ಲ. ಸೈನ್ಯದ ಗೇಟಿಗೇ ಅಷ್ಟು ನಿಯಮ ಇದ್ರೆ ಜನರ ಮನೆ ಬಾಗಿಲಿಗೆ ಇರಬೇಡ್ವಾ?"

ಅವಳು ಟೈಪ್ ಮಾಡತೊಡಗಿದಳು. ಠಾಣೆಗೆ ಒಂದು ಅರ್ಜಿ, ಕಾರ್ಮಿಕ ಅಧಿಕಾರಿಗಳಿಗೆ ಒಂದು, ಕಾರ್ಖಾನೆಯ ನೋಟೀಸಿಗೆ ಉತ್ತರ ಒಂದು. ಅಷ್ಟರಲ್ಲಿ ಆರೋಗ್ಯ ಕೇಂದ್ರದ ಸಿಸ್ಟರ್ ಅದೇ ದಾರಿಯಲ್ಲಿ ಹೋಗುತ್ತಿದ್ದವರು ಇವರನ್ನು ಕಂಡು ನಿಂತರು. ನಮ್ಮಿಬ್ಬರನ್ನು ಮೇಜಿನ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಗೇಟ್ ಮಾಮ, ನಿಮ್ಮ ಬೀದೀಲಿ ಒಂದು ಮನೆಗೆ ನಾನು ವಾರಕ್ಕೊಂದು ಸಲ ಮಾತ್ರೆ ಕೊಡೋಕೆ ಬರ್ತಿದ್ದೆ. ಯಾವ ಮನೆ ಅಂತ ಕೇಳಬೇಡಿ. ನಾನು ಬಂದದ್ದು ಪುಸ್ತಕಕ್ಕೆ ಹೋಗುತ್ತೆ, ಕಾಯಿಲೆ ಊರಿಗೆಲ್ಲ ತಿಳಿಯುತ್ತೆ ಅಂತ ಬರಬೇಡಿ ಅಂದುಬಿಟ್ಟಿದ್ದಾರೆ. ಮೂರು ವಾರ ಆಯ್ತು, ಮಾತ್ರೆ ತಪ್ಪಿದೆ."

ಇವರು ಮೇಜಿನ ಅಂಚನ್ನು ಹಿಡಿದುಕೊಂಡು ನಿಂತರು. ನನ್ನ ಗಂಡ ಕೆಟ್ಟವರಲ್ಲ, ಅಕ್ಕಂದಿರೇ. ಒಳ್ಳೆಯ ಕೆಲಸ ಎಂದು ನಂಬಿ ಮಾಡಿದರು. ನಂಬುವ ಮೊದಲು ನಾಲ್ಕು ಮಾತು ಕೇಳಲಿಲ್ಲ, ತಪ್ಪು ಅಲ್ಲಿತ್ತು.

ಅದೇ ದಿನ ಠಾಣೆಗೆ ಹೋದೆವು. ಸಾಹೇಬರು ನಮ್ಮ ಮಗನ ವಯಸ್ಸಿನವರು, ಮರ್ಯಾದಸ್ಥರು. ಕುರ್ಚಿ ಕೊಟ್ಟರು. ಅರ್ಜಿ ಓದಿ ಬೇಸರಪಟ್ಟುಕೊಂಡರು.

"ನೀವೇ ಹೀಗಂದ್ರೆ ಹೇಗೆ ಯಜಮಾನ್ರೇ? ನಿಮ್ಮಂಥ ದೇಶಭಕ್ತರು."

"ಅದಕ್ಕೇ ಕೇಳ್ತಿದ್ದೀನಿ ಸಾರ್. ಲಿಖಿತ ಆದೇಶ ಇದ್ರೆ ತೋರಿಸಿ, ನಾಳೆಯಿಂದ ಮತ್ತೆ ಕೂತ್ಕೋತೀನಿ."

ಸಾಹೇಬರು ಅರ್ಜಿಯನ್ನು ಮೇಜಿನ ಮೇಲಿಟ್ಟರು. "ಲಿಖಿತವಾಗಿ ಇಲ್ಲ. ಮೇಲಿನವರು ಬಾಯಿಮಾತಲ್ಲಿ ಹೇಳಿದ್ರು. ಕಳ್ಳತನ ನಿಲ್ಲಲಿ ಅಂತ ನಾನೂ ಒಳ್ಳೆ ಮನಸ್ಸಿಂದಲೇ ಮಾಡಿದ್ದು."

"ನಾನೂ ಹಾಗೇ ಮಾಡಿದ್ದು ಸಾರ್," ಎಂದರು ಇವರು. ಅರ್ಜಿಯ ಪ್ರತಿಯ ಮೇಲೆ ತಾರೀಕಿನ ಮೊಹರು ಹಾಕಿಸಿಕೊಂಡೇ ಎದ್ದರು. ಮೊಹರಿಲ್ಲದೆ ಏಳಬೇಡಿ ಎಂದು ಟೈಪಿಂಗ್ ಅಕ್ಕ ಹೇಳಿ ಕಳಿಸಿದ್ದಳು.

ನೋಟೀಸು ಬಂದ ಆರನೇ ದಿನ ಕಾರ್ಖಾನೆಯ ಕಚೇರಿಯಲ್ಲಿ ವಿಚಾರಣೆ. ಕಾರ್ಮಿಕ ಅಧಿಕಾರಿ ಒಬ್ಬ ಹೆಂಗಸು. ಒಂದು ಕಡೆ ಮ್ಯಾನೇಜರು, ಇನ್ನೊಂದು ಕಡೆ ಎಂಟು ಹೆಣ್ಣುಮಕ್ಕಳು. ನಾನು ಬಾಗಿಲ ಪಕ್ಕದ ಬೆಂಚಿನಲ್ಲಿದ್ದೆ. ಮ್ಯಾನೇಜರು ನಮ್ಮ ಮನೆಯವರನ್ನು ತಮ್ಮ ಕಡೆಯ ಸಾಕ್ಷಿ ಎಂದೇ ಕರೆಸಿದ್ದರು. "ಪುಸ್ತಕ ಬರೆದವರು ಮಾಜಿ ಸೈನಿಕರು, ಮೇಡಂ. ಸ್ವಂತ ಸೊಸೇನೂ ಬಿಟ್ಟಿಲ್ಲ. ಇವರಿಗಿಂತ ನಂಬಿಕಸ್ಥರು ಬೇಕಾ?" ಎಂದರು.

"ಇದು ನಿಮ್ಮ ಅಕ್ಷರವೇ?" ಎಂದು ಅಧಿಕಾರಿ ಕೇಳಿದರು.

"ನನ್ನದೇ."

"ಬರೆದದ್ದು ನಿಜವೇ?"

"ನಿಮಿಷದ ಸಮೇತ ನಿಜ."

ಸೊಸೆ ನೆಲ ನೋಡುತ್ತಿದ್ದಳು.

"ಒಳಗೆ ಅವರು ಏನು ಮಾತಾಡಿದರು?"

"ಗೊತ್ತಿಲ್ಲ ಮೇಡಂ. ನನಗೆ ಗೊತ್ತಿರಬೇಕಾಗೂ ಇಲ್ಲ," ಎಂದರು ಇವರು. "ನೋಟೀಸಲ್ಲಿ ರಹಸ್ಯವಾಗಿ ಅಂತ ಬರೆದಿದ್ದಾರೆ. ನನ್ನ ಪುಸ್ತಕದಲ್ಲಿ ಆ ಪದ ಇಲ್ಲ. ಬೆಳಕಿದ್ದಾಗ, ಮುಂದಿನ ದಾರೀಲಿ, ನನ್ನನ್ನ ಮಾತಾಡಿಸಿಕೊಂಡೇ ಹೋದ್ರು. ಸಂಚು ಅನ್ನೋ ಪದಾನೂ ಇಲ್ಲ. ನಾನು ಬರೆದದ್ದು ಒಳಗೆ, ಹೊರಗೆ, ಅಷ್ಟೇ. ಉಳಿದದ್ದನ್ನ ಇವರು ಸೇರಿಸಿದ್ದಾರೆ. ಆದ್ರೂ ನನ್ನ ತಪ್ಪು ದೊಡ್ಡದು. ಯಾರೂ ಲಿಖಿತ ಆದೇಶ ಕೊಟ್ಟಿರಲಿಲ್ಲ, ನಾನೂ ಕೇಳಲಿಲ್ಲ. ಬರೆಯೋ ಹಕ್ಕೇ ನನಗಿರಲಿಲ್ಲ."

ಮ್ಯಾನೇಜರು ಏನೋ ಹೇಳಲು ಹೋದರು. ಅಧಿಕಾರಿ ಕೈ ಎತ್ತಿ ತಡೆದರು.

"ನನ್ನ ಸೊಸೆ ಕೇಳಿದ್ದು ಒಂದು ಬಾಗಿಲು ತೆಗೀರಿ ಅಂತ," ಎಂದರು ಇವರು. "ಜನ ಭಯ ಇಲ್ಲದೆ ಒಂದು ಕಡೆ ಕೂತು ಮಾತಾಡ್ಲಿ, ತಮಗೆ ಬೇಕಾದ್ದನ್ನ ಕೇಳ್ಲಿ ಅಂತಾನೇ ನಾವು ಗಡೀಲಿ ನಿಂತಿದ್ದು ಮೇಡಂ. ಅದನ್ನ ಕೇಳಿದ ಹೆಣ್ಮಗಳು ದೇಶಕ್ಕೆ ಬೇಡದವಳು ಅಂದ್ರೆ, ನಾನು ಹದಿನೆಂಟು ವರ್ಷ ಕಾದದ್ದು ಏನನ್ನ?"

ಅಧಿಕಾರಿ ಎದ್ದರು. "ಆ ಬಾಗಿಲು ನೋಡೋಣ," ಎಂದರು.

ಎಲ್ಲರೂ ಹೊಲಿಗೆ ಕೋಣೆಯ ಹಿಂದಕ್ಕೆ ಹೋದೆವು. ಬಾಗಿಲಿಗೆ ಅಂಗೈಯಗಲದ ಬೀಗ. "ತೆಗೆಯಿರಿ," ಎಂದರು ಅಧಿಕಾರಿ. ಮ್ಯಾನೇಜರು ಮೇಲ್ವಿಚಾರಕರನ್ನು ಕರೆದರು. ಮೇಲ್ವಿಚಾರಕರು ಕಾವಲುಗಾರನನ್ನು ಕೂಗಿದರು. ಕಾವಲುಗಾರ ಗೋದಾಮಿಗೆ ಓಡಿದ. ಗೋದಾಮಿನವನು ಊಟಕ್ಕೆ ಹೋಗಿದ್ದ. ಮಿಷನ್ನುಗಳೆಲ್ಲ ನಿಂತವು. ಇನ್ನೂರು ಹೆಂಗಸರು ಎದ್ದು ನಿಂತು ನೋಡುತ್ತಿದ್ದರು. ಕೊನೆಗೂ ಕೀಲಿ ಬಂತು, ಬಾಗಿಲು ಕಿರುಗುಟ್ಟಿ ತೆರೆಯಿತು, ಹೊರಗಿನ ಗಾಳಿ ಒಳಗೆ ಬಂತು.

ನಮ್ಮ ಮನೆಯವರು ಮಣಿಗಂಟಿನ ಗಡಿಯಾರದಿಂದ ಕಣ್ಣು ತೆಗೆದರು.

"ಹನ್ನೊಂದು ನಿಮಿಷ ಮೇಡಂ," ಎಂದರು. "ಬರ್ಕೊಳ್ಳಿ."

ಅಧಿಕಾರಿ ಬರೆದುಕೊಂಡರು.

ಎಂಟು ಮಂದಿಯ ಅಮಾನತು ರದ್ದಾಯಿತು. ಆ ಬಾಗಿಲಿಗೆ ಈಗ ಒಳಗಿನಿಂದ ತೆಗೆಯುವ ಚಿಲಕ ಬಂದಿದೆ. ತಿಂಗಳಾದ ಮೇಲೆ ಠಾಣೆಯಿಂದ ಲಿಖಿತ ಉತ್ತರ ಬಂತು. ಪುಸ್ತಕಕ್ಕೆ ಆದೇಶವಿಲ್ಲ, ಅದನ್ನು ನಿಲ್ಲಿಸಲಾಗಿದೆ, ಫೋನ್ ಗುಂಪನ್ನು ಮುಚ್ಚಿ ಫೋಟೋಗಳನ್ನು ಅಳಿಸಲಾಗಿದೆ ಎಂದಿತ್ತು. ಕಳುವಾದ ಮೋಟಾರು ಗುಜರಿ ಅಂಗಡಿಯಲ್ಲಿ ನಂಬರಿನಿಂದಲೇ ಸಿಕ್ಕಿತು. ನಮ್ಮ ನಲ್ಲಿ ಮಾತ್ರ ಹೋದದ್ದು ಹೋಯಿತು.

ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಹದಿನಾಲ್ಕನೇ ಮನೆಯ ಅಕ್ಕ ಮನಸ್ಸು ಮುರಿದು ಬೇರೆ ಕಡೆ ಕೆಲಸಕ್ಕೆ ಹೋದಳು. ಮಾತ್ರೆ ತಪ್ಪಿಸಿದ ಆ ಮನೆಯವರು ಚಿಕಿತ್ಸೆಯನ್ನು ಮೊದಲಿನಿಂದ ಶುರು ಮಾಡಬೇಕಾಯಿತು ಎಂದು ಸಿಸ್ಟರ್ ಹೇಳಿದರು. ಯಾವ ಮನೆ ಎಂದು ನಮಗೆ ಇಂದಿಗೂ ಗೊತ್ತಿಲ್ಲ. ನಾವು ಕೇಳಿಯೂ ಇಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮ ಬೀದಿಗೂ ಒಂದು ಪುಸ್ತಕ ಬರಬಹುದು. ಫೋನಿಗೆ ಏನೋ ಹಾಕಿಕೊಳ್ಳಿ ಎನ್ನಬಹುದು. ಮನೆಯಲ್ಲಿ ಯಾರಿದ್ದಾರೆ, ಎಲ್ಲಿಗೆ ಹೋಗುತ್ತಾರೆ, ಬರೆದು ಬೆರಳು ಒತ್ತಿ ಎನ್ನಬಹುದು. ಹೆದರಬೇಡಿ, ಜಗಳಕ್ಕೂ ಹೋಗಬೇಡಿ. ಕೇಳಿ. ಯಾವ ಕಾನೂನು, ಯಾರ ಆದೇಶ, ಯಾತಕ್ಕೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತಾರೆ? ಉತ್ತರವನ್ನು ಕಾಗದದಲ್ಲಿ ಪಡೆಯಿರಿ, ಅರ್ಜಿಗೆ ಮೊಹರು ಹಾಕಿಸಿಕೊಳ್ಳಿ, ಒಂದು ಪ್ರತಿ ಮನೆಯಲ್ಲಿಡಿ. ತಿಳಿಯದಿದ್ದರೆ ನಿಮ್ಮ ಹತ್ತಿರದ ಕಾನೂನು ನೆರವಿನವರನ್ನು ವಿಚಾರಿಸಿ. ದೇಶವನ್ನು ಪ್ರೀತಿಸುವವರೇ ಈ ಮಾತನ್ನು ಮೊದಲು ಕೇಳಬೇಕು. ನಮ್ಮ ಮನೆಯವರು ತಡವಾಗಿ ಕೇಳಿದರು. ನೀವು ತಡ ಮಾಡಬೇಡಿ.

ಇವತ್ತು ಸಂಘದ ಸಭೆ ಮುಗಿದ ಮೇಲೆ ಮನೆಗೆ ಹೋಗುವಾಗ ನೋಡಿ, ನಿಮ್ಮ ಬೀದಿಯಲ್ಲಿ ಮೊದಲು ಮಾತಾಡುತ್ತಿದ್ದು ಈಗ ಸುಮ್ಮನಾದವರು ಯಾರು ಎಂದು. ಅವರ ಬಾಗಿಲು ತಟ್ಟಿ. ಕರೆದರೆ ಒಳಗೆ ಹೋಗಿ ಕೂತು ಕೇಳಿ. ಕೇಳಿದ್ದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.